ಭೀಮಾ–ಕೃಷ್ಣಾ ತೀರದ ಮೂರು ಊರುಗಳು: ಯಾದಗಿರಿ, ಶಹಾಪುರ, ಸುರಪುರ

ನಮ್ಮ ಕರಾವಳಿಯ ಯಾವುದೇ ಪೇಟೆಯಲ್ಲಿ ಹೊಸ ಕಟ್ಟಡ ಏಳುತ್ತಿರಲಿ, ರಸ್ತೆ ಅಗೆದು ಪೈಪು ಹೂಳುತ್ತಿರಲಿ, ಅಲ್ಲಿ ದುಡಿಯುತ್ತಿರುವವರ ಮಾತಿಗೆ ಒಂದು ಕ್ಷಣ ಕಿವಿಗೊಟ್ಟರೆ ನಮ್ಮದಲ್ಲದ ಒಂದು ಕನ್ನಡ ಕೇಳಿಸುತ್ತದೆ. ಊರು ಯಾವುದೆಂದು ವಿಚಾರಿಸಿದರೆ "ಯಾದಗಿರಿ ಕಡೆಯವ್ರೀ, ದುಡಿಲಾಕ ಬಂದೀವ್ರಿ" ಎಂಬ ಉತ್ತರ ಬರುತ್ತದೆ. ಇನ್ನು ಕೆಲವರು ಶಹಾಪುರ ಅನ್ನುತ್ತಾರೆ, ಸುರಪುರ ಅನ್ನುತ್ತಾರೆ. ನಾವು ಮಾತ್ರ ಅವರೆಲ್ಲರನ್ನೂ "ಘಟ್ಟದ ಮೇಲಿನವರು" ಅಥವಾ "ಬಿಜಾಪುರದವರು" ಎಂದು ಒಂದೇ ಮಾತಿನಲ್ಲಿ ಕರೆದು ಸುಮ್ಮನಾಗುತ್ತೇವೆ.

ನಮ್ಮ ಮನೆಗಳಿಗೆ ಗೋಡೆ ಕಟ್ಟಿದವರ ಊರು ಎಲ್ಲಿದೆ, ಹೇಗಿದೆ, ಅವರು ಅದನ್ನು ಬಿಟ್ಟು ಐನೂರು ಕಿಲೋಮೀಟರ್‌ಗಳಷ್ಟು ದೂರ ಏಕೆ ಬರುತ್ತಾರೆ ಎಂಬುದನ್ನು ತಿಳಿದುಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸಿ, ಓದುಗರಿಗೆ ಆ ಮೂರು ಊರುಗಳ ಪರಿಚಯವನ್ನು ಇಲ್ಲಿ ನೀಡುತ್ತಿದ್ದೇವೆ.

ಎಲ್ಲಿದೆ ಈ ನಾಡು?

ಯಾದಗಿರಿ ಜಿಲ್ಲೆ ಕರ್ನಾಟಕದ ಈಶಾನ್ಯ ಭಾಗದಲ್ಲಿದೆ. ಹಿಂದೆ ಗುಲ್ಬರ್ಗ (ಇಂದಿನ ಕಲಬುರಗಿ) ಜಿಲ್ಲೆಗೆ ಸೇರಿದ್ದ ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳನ್ನು ಬೇರ್ಪಡಿಸಿ 2009ರ ಕೊನೆಯಲ್ಲಿ ರಾಜ್ಯದ 30ನೇ ಜಿಲ್ಲೆಯನ್ನಾಗಿ ಮಾಡಲಾಯಿತು. ಆ ಬಳಿಕ ಗುರುಮಠಕಲ್, ವಡಗೇರಾ ಮತ್ತು ಹುಣಸಗಿ ತಾಲ್ಲೂಕುಗಳು ರಚನೆಯಾಗಿ ಈಗ ಒಟ್ಟು ಆರು ತಾಲ್ಲೂಕುಗಳಿವೆ. ಉತ್ತರಕ್ಕೆ ಕಲಬುರಗಿ, ಪಶ್ಚಿಮಕ್ಕೆ ವಿಜಯಪುರ, ದಕ್ಷಿಣಕ್ಕೆ ರಾಯಚೂರು ಜಿಲ್ಲೆಗಳು, ಪೂರ್ವಕ್ಕೆ ತೆಲಂಗಾಣ ರಾಜ್ಯ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ, ಯಾದಗಿರಿ ನಗರದಲ್ಲಿ ಸುಮಾರು 74 ಸಾವಿರ ಜನರಿದ್ದರು.

ಈ ನಾಡನ್ನು ಅರ್ಥಮಾಡಿಕೊಳ್ಳಲು ಎರಡು ನದಿಗಳನ್ನು ನೆನಪಿಟ್ಟುಕೊಂಡರೆ ಸಾಕು. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿ ಜಿಲ್ಲೆಯ ಮಧ್ಯೆ ಹರಿದು ಹೋಗುತ್ತದೆ. ಕೃಷ್ಣಾ ನದಿ ಜಿಲ್ಲೆಯ ದಕ್ಷಿಣದ ಗಡಿಯಾಗಿದೆ. ಯಾದಗಿರಿ ನಗರ ಭೀಮೆಯ ಪೂರ್ವ ದಂಡೆಯ ಕಡೆಗಿದ್ದರೆ, ಶಹಾಪುರ ಮತ್ತು ಸುರಪುರ ಎರಡೂ ನದಿಗಳ ನಡುವಿನ ಭೂಮಿಯಲ್ಲಿವೆ. ಮುಂದೆ ರಾಯಚೂರು ಜಿಲ್ಲೆಯ ಗಡಿಯಲ್ಲಿ ಭೀಮೆ ಕೃಷ್ಣೆಯನ್ನು ಸೇರುತ್ತದೆ.

ನೆಲ ಹೆಚ್ಚಾಗಿ ಎರೆ ಮಣ್ಣಿನದು. ನಡುನಡುವೆ ಬಂಡೆಗಳ ಗುಡ್ಡಗಳು. ವರ್ಷದ ಮಳೆ ನಮ್ಮ ಕರಾವಳಿಯ ಮಳೆಯ ಕಾಲು ಭಾಗವೂ ಆಗುವುದಿಲ್ಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುವುದು ಅಲ್ಲಿ ಸುದ್ದಿಯಲ್ಲ. ತೊಗರಿ, ಹತ್ತಿ, ಜೋಳ, ಶೇಂಗಾ, ಹೆಸರು ಮತ್ತು ಕಾಲುವೆ ನೀರಿರುವಲ್ಲಿ ಭತ್ತ ಮುಖ್ಯ ಬೆಳೆಗಳು. ಊಟವೆಂದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಕನ್ನಡದ ಜೊತೆಗೆ ದಖನಿ ಉರ್ದು, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ ಭಾಷೆ ಕೇಳಿಬರುತ್ತದೆ.

ಯಾದಗಿರಿ: ಕೋಟೆಯ ಕೆಳಗಿನ ಪೇಟೆ

ಯಾದಗಿರಿಗೆ ರೈಲಿನಲ್ಲಿ ಬರುವವರಿಗೆ ಮೊದಲು ಕಾಣುವುದು ಊರಿನ ನೆತ್ತಿಯ ಮೇಲೆ ನಿಂತಿರುವ ಬೆಟ್ಟದ ಕೋಟೆ. ಸುಮಾರು 100 ಮೀಟರ್ ಎತ್ತರದ ಬಂಡೆಗುಡ್ಡದ ಮೇಲೆ ಸುತ್ತುಗೋಡೆಗಳು, ಬುರುಜುಗಳು, ತೋಪುಗಳು, ಮಳೆನೀರು ಹಿಡಿದಿಡುವ ಹೊಂಡಗಳು, ದೇವಾಲಯಗಳು, ಮಸೀದಿ, ಜೈನ ಮೂರ್ತಿಗಳು ಇವೆ. 'ಯಾದವಗಿರಿ' ಎಂಬುದೇ ಯಾದಗಿರಿಯಾಯಿತು ಎಂದು ಊರಿನವರು ಹೇಳುತ್ತಾರೆ. ಚಾಲುಕ್ಯರು, ಯಾದವರು, ಬಹಮನಿಗಳು, ಆದಿಲ್‌ಶಾಹಿಗಳು, ಮೊಘಲರು, ನಿಜಾಮರು ಹೀಗೆ ಒಬ್ಬರಾದ ಮೇಲೊಬ್ಬರು ಆಳಿದ ಸೀಮೆಯಿದು.

ಈ ಊರಿನ ರೈಲ್ವೆ ಇತಿಹಾಸ ನಮ್ಮನ್ನು ಬೆರಗುಗೊಳಿಸುವಂಥದ್ದು. ಮುಂಬಯಿಯಿಂದ ಬಂದ ಮಾರ್ಗವೂ ಮದ್ರಾಸಿನಿಂದ ಬಂದ ಮಾರ್ಗವೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದಾಗ ಯಾದಗಿರಿ ಆ ದಾರಿಯ ಒಂದು ನಿಲ್ದಾಣವಾಯಿತು. ನಮ್ಮ ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಂದರೆ ಯಾದಗಿರಿಯವರು ನಮಗಿಂತ ಮೂರೂವರೆ ದಶಕ ಮೊದಲೇ ರೈಲು ಕಂಡವರು. ದೇಶದ ಎರಡು ದೊಡ್ಡ ನಗರಗಳನ್ನು ಜೋಡಿಸುವ ಹಳಿಯ ಮೇಲಿದ್ದೂ ಆ ಊರು ಹಿಂದೆ ಉಳಿಯಿತು. ರೈಲು ಹತ್ತಿರದಲ್ಲಿ ಹಾದುಹೋದ ಮಾತ್ರಕ್ಕೆ ಊರು ಮುಂದುವರಿಯುತ್ತದೆ ಎಂದು ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂದು ಯಾದಗಿರಿ ಜಿಲ್ಲಾ ಕೇಂದ್ರ. ಕಚೇರಿಗಳು, ನ್ಯಾಯಾಲಯ, ಕಾಳು ಮತ್ತು ಹತ್ತಿಯ ಮಾರುಕಟ್ಟೆ, ಈಚಿನ ವರ್ಷಗಳಲ್ಲಿ ಬಂದ ಸರ್ಕಾರಿ ವೈದ್ಯಕೀಯ ಕಾಲೇಜು ಇಲ್ಲಿವೆ. ಸಮೀಪದ ಮೈಲಾಪುರದ ಮೈಲಾರಲಿಂಗೇಶ್ವರ ಜಾತ್ರೆ ಪ್ರತಿ ಮಕರ ಸಂಕ್ರಾಂತಿಗೆ ನಡೆಯುತ್ತದೆ. ಕುರಿ ಸಾಕುವವರ ಆರಾಧ್ಯ ದೈವವಾದ ಮೈಲಾರನ ಪಲ್ಲಕ್ಕಿಯ ಮೇಲೆ ಕುರಿಮರಿಗಳನ್ನು ಎಸೆಯುವ ಪದ್ಧತಿ ಹಿಂದೆ ಇತ್ತು. ಅದನ್ನು ನಿಷೇಧಿಸಲಾಗಿದ್ದು, ಜಾತ್ರೆಯ ವೇಳೆ ದಾರಿಗಳಲ್ಲಿ ತಪಾಸಣೆ ನಡೆಸಿ ಮರಿಗಳನ್ನು ತಡೆಯಲಾಗುತ್ತದೆ.

ಶಹಾಪುರ: ಮಲಗಿದ ಬುದ್ಧನ ಊರು

ಯಾದಗಿರಿಯಿಂದ ಭೀಮಾ ಸೇತುವೆ ದಾಟಿ ಪಶ್ಚಿಮಕ್ಕೆ ಸುಮಾರು 35 ಕಿ.ಮೀ. ಸಾಗಿದರೆ ಶಹಾಪುರ. ಊರಿನ ಬಳಿಯ ಗುಡ್ಡಗಳ ಸಾಲನ್ನು ಒಂದು ಕೋನದಿಂದ ನೋಡಿದರೆ ಮನುಷ್ಯನೊಬ್ಬ ಅಂಗಾತ ಮಲಗಿದಂತೆ ಹಣೆ, ಮೂಗು, ಎದೆ ಸ್ಪಷ್ಟವಾಗಿ ಕಾಣುತ್ತವೆ. ಜನರು ಇದನ್ನು 'ಮಲಗಿದ ಬುದ್ಧ' ಎಂದು ಕರೆಯುತ್ತಾರೆ. ಬುದ್ಧನ ಹೆಸರು ಇಲ್ಲಿಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ಭೀಮಾ ತೀರದಲ್ಲೇ, ಪಕ್ಕದ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನಗಳೂ, ಅದಕ್ಕೆ ಸೇರಿದ ಕನಗನಹಳ್ಳಿಯಲ್ಲಿ ದೊಡ್ಡ ಬೌದ್ಧ ಸ್ತೂಪದ ಅವಶೇಷಗಳೂ ಸಿಕ್ಕಿವೆ. ಅಶೋಕನ ಹೆಸರು ಕೆತ್ತಿರುವ ಅವನ ಶಿಲ್ಪ ಅಲ್ಲಿ ದೊರೆತದ್ದು ಇತಿಹಾಸಕಾರರಿಗೆ ದೊಡ್ಡ ಸಂಗತಿಯಾಯಿತು.

ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನರು ಸಾಲುಸಾಲಾಗಿ ನಿಲ್ಲಿಸಿದ ನೂರಾರು ಬಂಡೆಗಳಿವೆ. ಕ್ರಮಬದ್ಧವಾದ ಅಂತರದಲ್ಲಿ ಇಟ್ಟಿರುವ ಈ ಕಲ್ಲುಗಳಿಗೂ ಸೂರ್ಯನ ಚಲನೆಗೂ ಸಂಬಂಧವಿರಬಹುದೇ ಎಂದು ವಿದ್ವಾಂಸರು ಅಧ್ಯಯನ ಮಾಡಿದ್ದಾರೆ. ಶಿರವಾಳದಲ್ಲಿ ಹಳೆಯ ದೇವಾಲಯಗಳ ದೊಡ್ಡ ಗುಂಪೇ ಇದೆ. ಸಗರ ಬಹಮನಿಗಳ ಕಾಲದಲ್ಲಿ ಹೆಸರಾಗಿದ್ದ ಪಟ್ಟಣ. ಗೋಗಿಯಲ್ಲಿ ಚಂದಾ ಹುಸೇನಿ ಎಂಬ ಸೂಫಿ ಸಂತರ ದರ್ಗಾ ಇದ್ದು, ಬಿಜಾಪುರದ ಆದಿಲ್‌ಶಾಹಿ ಮನೆತನದ ಸ್ಥಾಪಕ ಯೂಸುಫ್ ಆದಿಲ್ ಶಾ ಮತ್ತು ಅವನ ನಂತರದ ಮೊದಲ ದೊರೆಗಳ ಗೋರಿಗಳು ಅಲ್ಲಿವೆ. ವಿಜಯಪುರದಲ್ಲಿ ಗೋಳಗುಮ್ಮಟ ನೋಡಿ ಬರುವ ನಾವು, ಆ ಮನೆತನದ ಹಿರಿಯರು ಗೋಗಿ ಎಂಬ ಹಳ್ಳಿಯಲ್ಲಿ ಮಲಗಿದ್ದಾರೆಂದು ತಿಳಿದಿರುವುದಿಲ್ಲ.

ಇದೇ ಗೋಗಿ ಇನ್ನೊಂದು ಕಾರಣಕ್ಕೂ ಸುದ್ದಿಯಲ್ಲಿದೆ. ಅಲ್ಲಿಯ ನೆಲದಡಿ ಯುರೇನಿಯಂ ನಿಕ್ಷೇಪವಿರುವುದು ಶೋಧನೆಯಿಂದ ಗೊತ್ತಾಗಿದೆ. ಗಣಿಗಾರಿಕೆಯ ಪ್ರಸ್ತಾಪ ಬಂದಾಗಲೆಲ್ಲ ನೀರು, ಭೂಮಿ ಮತ್ತು ಆರೋಗ್ಯ ಏನಾಗುವುದೋ ಎಂಬ ಭಯವನ್ನು ಗ್ರಾಮಸ್ಥರು ವ್ಯಕ್ತಪಡಿಸಿದ್ದಾರೆ.

ಶಹಾಪುರದ ಪಕ್ಕದ ಭೀಮರಾಯನಗುಡಿ ಕೃಷ್ಣಾ ಮೇಲ್ದಂಡೆ ಯೋಜನೆಗಾಗಿ ಬೆಳೆದ ಊರು. ನೀರಾವರಿ ಕಚೇರಿಗಳೂ ಕೃಷಿ ಕಾಲೇಜೂ ಅಲ್ಲಿವೆ.

ಸುರಪುರ: ನಾಯಕರ ರಾಜಧಾನಿ

ಶಹಾಪುರದಿಂದ ನೈಋತ್ಯಕ್ಕೆ ಸುಮಾರು 25 ಕಿ.ಮೀ. ದೂರದ ಸುರಪುರ ಗುಡ್ಡಗಳ ಮಧ್ಯೆ ಅಡಗಿರುವ ಊರು. ಇದು ಬೇಡ ನಾಯಕರ ಸಂಸ್ಥಾನದ ರಾಜಧಾನಿಯಾಗಿತ್ತು. ಇದಕ್ಕೂ ಹಿಂದೆ ಅವರ ಕೋಟೆ ಸಮೀಪದ ವಾಗಣಗೇರಾದಲ್ಲಿತ್ತು. 1705ರಲ್ಲಿ ಮೊಘಲ್ ಚಕ್ರವರ್ತಿ ಔರಂಗಜೇಬ್ ತನ್ನ 86ನೇ ವಯಸ್ಸಿನಲ್ಲಿ ಸ್ವತಃ ಸೇನೆಯೊಂದಿಗೆ ಬಂದು ವಾಗಣಗೇರಾವನ್ನು ಮುತ್ತಿದ. ಕೋಟೆ ಅವನ ವಶವಾಯಿತು, ಆದರೆ ಪಿಡ್ಡ ನಾಯಕ ಕೈಗೆ ಸಿಗಲಿಲ್ಲ. ಔರಂಗಜೇಬ್ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆಯಿದು. ಆಮೇಲೆ ಅವನು ಹತ್ತಿರದ ದೇವಾಪುರದಲ್ಲಿ ತಿಂಗಳುಗಟ್ಟಲೆ ಕಾಯಿಲೆ ಬಿದ್ದು, ಅಲ್ಲಿಂದ ಉತ್ತರಕ್ಕೆ ಹಿಂದಿರುಗಿ 1707ರಲ್ಲಿ ತೀರಿಕೊಂಡ.

ಸುರಪುರದ ಇತಿಹಾಸದಲ್ಲಿ ಮರೆಯಲಾಗದ ಎರಡು ಹೆಸರುಗಳು ರಾಜಾ ವೆಂಕಟಪ್ಪ ನಾಯಕ ಮತ್ತು ಮೆಡೋಸ್ ಟೇಲರ್ ಅವರದು. 1841ರಲ್ಲಿ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ಇಲ್ಲಿಗೆ ಬಂದಾಗ ವೆಂಕಟಪ್ಪ ಏಳೆಂಟು ವರ್ಷದ ಬಾಲಕ, ತಂದೆಯನ್ನು ಕಳೆದುಕೊಂಡಿದ್ದ. ತಾಯಿ ಈಶ್ವರಮ್ಮ ರಾಜ್ಯ ನಡೆಸುತ್ತಿದ್ದರು. ಟೇಲರ್ 1853ರವರೆಗೆ ಸಂಸ್ಥಾನದ ಮೇಲ್ವಿಚಾರಣೆ ನೋಡಿಕೊಂಡ. ಬಾಲರಾಜ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನಂತೆ. ಟೇಲರ್ ಕಟ್ಟಿಸಿದ ಬಂಗಲೆ 'ಟೇಲರ್ ಮಂಜಿಲ್' ಇಂದಿಗೂ ಸುರಪುರದ ಗುಡ್ಡದ ಮೇಲಿದೆ. ಈತ 1839ರಲ್ಲಿ ಠಗ್ಗರ ಕುರಿತು ಬರೆದ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಪ್ರಸಿದ್ಧನಾಗಿದ್ದ ಲೇಖಕನೂ ಹೌದು.

1857ರ ಬಂಡಾಯದ ಕಾವು ದಕ್ಷಿಣಕ್ಕೂ ಹಬ್ಬಿದಾಗ ಯುವಕ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತ. 1858ರ ಫೆಬ್ರವರಿಯಲ್ಲಿ ಸುರಪುರದ ಹೊರಗೆ ನಡೆದ ಕಾಳಗದಲ್ಲಿ ನ್ಯೂಬೆರಿ ಎಂಬ ಬ್ರಿಟಿಷ್ ಅಧಿಕಾರಿ ಸತ್ತ. ಆದರೆ ರಾಜ ಊರು ಬಿಟ್ಟು ಹೈದರಾಬಾದಿಗೆ ಹೋಗಬೇಕಾಯಿತು, ಅಲ್ಲಿ ಸೆರೆಸಿಕ್ಕ. ಮರಣದಂಡನೆ ವಿಧಿಸಲಾಯಿತು. ಬಳಿಕ ಅದನ್ನು ಕಡಿಮೆ ಮಾಡಿ, ಕೊನೆಗೆ ಚೆಂಗಲ್‌ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆಯೆಂದು ನಿರ್ಧಾರವಾಯಿತು. ಅಲ್ಲಿಗೆ ಕರೆದೊಯ್ಯುತ್ತಿದ್ದಾಗ 1858ರ ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಬಲಿಯಾದ. ತಾನೇ ಗುಂಡು ಹಾರಿಸಿಕೊಂಡನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಸುರಪುರದ ಜನ ಇದನ್ನು ಸುಲಭವಾಗಿ ಒಪ್ಪಿಲ್ಲ. ತಮ್ಮ ರಾಜನನ್ನು ಕೊಂದರೆಂದೇ ನಂಬುವವರು ಅಲ್ಲಿ ಅನೇಕರು. 1860ರಲ್ಲಿ ಬ್ರಿಟಿಷರು ಸುರಪುರವನ್ನು ತಮ್ಮ ಮಿತ್ರನಾದ ನಿಜಾಮನಿಗೆ ಒಪ್ಪಿಸಿದರು. ಸಂಸ್ಥಾನ ಅಳಿಯಿತು.

ರಾಜ್ಯ ಹೋದರೂ ಕಲೆ ಉಳಿಯಿತು. ಚಿನ್ನದ ಬಣ್ಣ, ಸೂಕ್ಷ್ಮ ಗೆರೆಗಳ 'ಸುರಪುರ ಶೈಲಿ'ಯ ಚಿತ್ರಕಲೆ ಕರ್ನಾಟಕದ ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ತನ್ನದೇ ಸ್ಥಾನ ಪಡೆದಿದೆ. ಊರಿನ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಜಾರುವ ಎತ್ತರದ ಕಂಬಗಳನ್ನು ಯುವಕರು ಏರುವ ಹಾಲೋಕುಳಿ ಪ್ರಸಿದ್ಧ. ನಾಯಕರ ಕಾಲದ ಬೋನಾಳ ಕೆರೆ ಇಂದು ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯದಾಚೆಯ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ.

ಸಂತರು ಮತ್ತು ಆದಿಮಾನವರು

ಸುರಪುರ ಸೀಮೆ ಸಂತರ ನಾಡು. ಬಸವಣ್ಣನವರಿಗಿಂತ ಮೊದಲೇ 'ರಾಮನಾಥ' ಎಂಬ ಅಂಕಿತದಿಂದ ವಚನಗಳನ್ನು ರಚಿಸಿದ ನೇಕಾರ ದೇವರ ದಾಸಿಮಯ್ಯನ ಊರು ಮುದನೂರು ಇಲ್ಲಿಯದೇ. ಕಾಲಜ್ಞಾನ ವಚನಗಳಿಗೆ ಹೆಸರಾದ ಕೊಡೇಕಲ್ ಬಸವಣ್ಣನ ಪೀಠ ಕೊಡೇಕಲ್‌ನಲ್ಲಿದೆ. ಕೃಷ್ಣಾ ದಂಡೆಯ ತಿಂಥಣಿಯಲ್ಲಿರುವ ಮೌನೇಶ್ವರನ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ಸೇರುತ್ತಾರೆ. ಧರ್ಮದ ಹೆಸರಿನಲ್ಲಿ ಗೋಡೆ ಕಟ್ಟುವವರು ಹೆಚ್ಚಾಗಿರುವ ಈ ದಿನಗಳಲ್ಲಿ ತಿಂಥಣಿಯಂಥ ಊರುಗಳನ್ನು ನಾವು ನೆನಪಿನಲ್ಲಿಡಬೇಕು.

ಇನ್ನೂ ಹಿಂದಕ್ಕೆ ಹೋದರೆ, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹುಣಸಗಿಯ ಕಣಿವೆ ಇಡೀ ದೇಶದ ಪ್ರಾಗಿತಿಹಾಸದಲ್ಲಿ ದೊಡ್ಡ ಹೆಸರು. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅವರು ಇಲ್ಲಿ ದಶಕಗಳ ಕಾಲ ಶೋಧನೆ ನಡೆಸಿ ಆದಿಮಾನವನ ಹಲವಾರು ನೆಲೆಗಳನ್ನು ಗುರುತಿಸಿದರು. ಇಸಾಂಪುರದಲ್ಲಿ ಸುಣ್ಣಕಲ್ಲಿನಿಂದ ಕೈಕೊಡಲಿಗಳನ್ನು ತಯಾರಿಸುತ್ತಿದ್ದ ಜಾಗ ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ಅಂದಾಜು ಮಾಡಲಾಗಿದೆ. ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳ ಬೂದಿದಿಬ್ಬ ಸಿಕ್ಕಿದೆ. ಮೆಡೋಸ್ ಟೇಲರ್ ರಾಜನಕೋಳೂರಿನ ಕಲ್ಗೋರಿಗಳ ಕುರಿತು ಬರೆದದ್ದು 19ನೇ ಶತಮಾನದಲ್ಲೇ. ಲಕ್ಷಾಂತರ ವರ್ಷಗಳ ಹಿಂದೆ ಮನುಷ್ಯರು ನೀರು, ಬೇಟೆ, ಕಲ್ಲು ಎಲ್ಲ ಇದೆಯೆಂದು ಹುಡುಕಿಕೊಂಡು ಬಂದು ನೆಲೆಸಿದ ಕಣಿವೆಯಿಂದ ಇಂದಿನ ಮನುಷ್ಯರು ಕೂಲಿ ಹುಡುಕಿಕೊಂಡು ಹೊರಗೆ ಹೋಗುತ್ತಿದ್ದಾರೆ.

ಏಕೆ ಹಿಂದುಳಿಯಿತು?

2011ರ ಜನಗಣತಿಯಲ್ಲಿ ಕರ್ನಾಟಕದ ಜಿಲ್ಲೆಗಳ ಸಾಕ್ಷರತೆಯ ಪಟ್ಟಿ ನೋಡಿದರೆ ಎಲ್ಲಕ್ಕಿಂತ ಮೇಲೆ ದಕ್ಷಿಣ ಕನ್ನಡ, ಶೇ. 88.57. ಎಲ್ಲಕ್ಕಿಂತ ಕೆಳಗೆ ಯಾದಗಿರಿ, ಶೇ. 51.83. ಮಹಿಳೆಯರಲ್ಲಂತೂ ಶೇ. 41ರಷ್ಟು ಮಾತ್ರ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಶೇ. 94ರೊಂದಿಗೆ ಮೊದಲ ಸ್ಥಾನದಲ್ಲಿತ್ತು, ಯಾದಗಿರಿ ಶೇ. 50.59ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಇಂಥ ಪಟ್ಟಿಗಳು ಬಂದಾಗ ನಾವು ಕರಾವಳಿಯವರು ಬೀಗುತ್ತೇವೆ. ಆದರೆ ಪಟ್ಟಿಯ ಎರಡೂ ತುದಿಗಳ ಹಿಂದಿರುವ ಇತಿಹಾಸವನ್ನು ಯೋಚಿಸುವವರು ಕಡಿಮೆ.

ನಮ್ಮಲ್ಲಿ 1834ರಲ್ಲೇ ಬಾಸೆಲ್ ಮಿಶನ್ ಬಂತು, ಶಾಲೆ ಮತ್ತು ಮುದ್ರಣಾಲಯ ಬಂದವು. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ಹೊರಟಿತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಕನ್ನಡದಲ್ಲಿ ಕಲಿಯುವುದಕ್ಕೂ ಕಲಿತವರಿಗೆ ಕೆಲಸ ಸಿಗುವುದಕ್ಕೂ ದಾರಿಯಿತ್ತು. ಅದೇ ಕಾಲದಲ್ಲಿ ಯಾದಗಿರಿ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದ ಗಡಿನಾಡಾಗಿತ್ತು. ಆಡಳಿತವೂ ಉನ್ನತ ಶಿಕ್ಷಣವೂ ಉರ್ದುವಿನಲ್ಲಿ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ಹಳ್ಳಿಯ ಕನ್ನಡ ಮಗುವಿಗೆ ಶಾಲೆಯೆಂಬುದು ದೂರದ ಮಾತಾಗಿತ್ತು. ದೇಶ 1947ರ ಆಗಸ್ಟ್ 15ರಂದು ಸ್ವತಂತ್ರವಾದರೂ ಈ ಭಾಗ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್‌ನಲ್ಲಿ, ಸೈನಿಕ ಕಾರ್ಯಾಚರಣೆಯ ನಂತರ. ಕನ್ನಡಿಗರ ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಓಟದ ಆರಂಭದಲ್ಲೇ ನೂರು ವರ್ಷಗಳ ಅಂತರವಿತ್ತು ಎಂಬುದನ್ನು ನಾವು ಮರೆಯಬಾರದು.

ಏಕೀಕರಣದ ನಂತರವೂ ಅಂತರ ಸುಲಭವಾಗಿ ಕರಗಲಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ನೀಡಿದ ವರದಿಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರೂ 'ಅತ್ಯಂತ ಹಿಂದುಳಿದ' 39 ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ದೀರ್ಘ ಹೋರಾಟದ ಬಳಿಕ ಸಂವಿಧಾನಕ್ಕೆ 98ನೇ ತಿದ್ದುಪಡಿ ಆಗಿ 371(ಜೆ) ವಿಧಿ ಜಾರಿಗೆ ಬಂತು. ಅದರಂತೆ ಈ ಪ್ರದೇಶದ ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿ, ಉದ್ಯೋಗ ಮತ್ತು ಶಿಕ್ಷಣದಲ್ಲಿ ಸ್ಥಳೀಯರಿಗೆ ಮೀಸಲಾತಿ ದೊರೆಯಿತು. 2018ರಲ್ಲಿ ಕೇಂದ್ರ ಸರ್ಕಾರದ 'ಮಹತ್ವಾಕಾಂಕ್ಷೆಯ ಜಿಲ್ಲೆ'ಗಳ ಪಟ್ಟಿಗೆ ಕರ್ನಾಟಕದಿಂದ ಸೇರಿದ್ದು ಎರಡೇ, ರಾಯಚೂರು ಮತ್ತು ಯಾದಗಿರಿ. 2019ರಲ್ಲಿ 'ಹೈದರಾಬಾದ್ ಕರ್ನಾಟಕ'ಕ್ಕೆ 'ಕಲ್ಯಾಣ ಕರ್ನಾಟಕ' ಎಂಬ ಹೊಸ ಹೆಸರು ಬಂತು.

ನೀರು ಬಂತು, ಆದರೆ...

ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಅಣೆಕಟ್ಟು 1980ರ ದಶಕದಲ್ಲಿ ಬಳಕೆಗೆ ಬಂದು, ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರ ಕಡೆಗೆ ಹರಿಯಿತು. ಮಳೆಯನ್ನೇ ನಂಬಿದ್ದ ಎರೆ ಹೊಲಗಳಲ್ಲಿ ಭತ್ತ ಬೆಳೆಯಿತು. ಇದು ಸಣ್ಣ ಸಾಧನೆಯಲ್ಲ. 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿಯವರು ಈ ಕಾಲುವೆಯ ನವೀಕರಣ ಯೋಜನೆಯನ್ನು ಉದ್ಘಾಟಿಸಿದಾಗ ಅದರ ಅಚ್ಚುಕಟ್ಟು ಪ್ರದೇಶವನ್ನು 4.5 ಲಕ್ಷ ಹೆಕ್ಟೇರ್ ಎಂದು ಹೇಳಲಾಯಿತು.

ಹಾಗಿದ್ದರೆ ಜನ ಊರು ಬಿಡುವುದೇಕೆ? ಉತ್ತರ ಒಂದೇ ಇಲ್ಲ. ಮೊದಲನೆಯದಾಗಿ, ಈ ಕಾಲುವೆ ಭೀಮೆಯ ಪಶ್ಚಿಮಕ್ಕಿರುವ ನೆಲಕ್ಕೆ. ಯಾದಗಿರಿ, ಗುರುಮಠಕಲ್ ಕಡೆಯ ಹೊಲಗಳು ಬಹುಮಟ್ಟಿಗೆ ಮಳೆಯನ್ನೇ ಕಾಯುತ್ತವೆ. ಎರಡನೆಯದಾಗಿ, ಕಾಲುವೆಯ ಮೇಲ್ಭಾಗದವರಿಗೆ ಸಿಗುವಷ್ಟು ನೀರು ಕೊನೆಯ ಭಾಗದವರಿಗೆ ಸಿಗುವುದಿಲ್ಲ. ಜಲಾಶಯದಲ್ಲಿ ನೀರು ಕಡಿಮೆಯಾದ ವರ್ಷ ವಾರಬಂದಿ ಪದ್ಧತಿಯಲ್ಲಿ ಸರದಿಯಂತೆ ನೀರು ಬಿಡುತ್ತಾರೆ. ಕೊನೆಯ ಹೊಲದ ರೈತ ಬೆಳೆ ಒಣಗುವುದನ್ನು ನೋಡುತ್ತಾ ಕುಳಿತಿರಬೇಕು. ಮೂರನೆಯದಾಗಿ, ನೀರು ಬಂದದ್ದು ಭೂಮಿಗೆ. ಭೂಮಿಯೇ ಇಲ್ಲದವರಿಗೆ ಅದರಿಂದ ದೊರೆತದ್ದು ಬಿತ್ತನೆ, ಕಳೆ, ಕೊಯ್ಲುಗಳ ಕೆಲವು ವಾರಗಳ ಕೂಲಿ ಮಾತ್ರ. ಆಂಧ್ರದಿಂದ ಬಂದ ಅನುಭವಿ ರೈತರು ಭೂಮಿ ಕೊಂಡು ಅಥವಾ ಗುತ್ತಿಗೆ ಪಡೆದು 'ಕ್ಯಾಂಪ್'ಗಳಲ್ಲಿ ನೆಲೆಸಿ ಭತ್ತ ಬೆಳೆದರು. ಕೈಯಲ್ಲಿ ಬಂಡವಾಳವಿಲ್ಲದ ಸ್ಥಳೀಯ ರೈತ ತನ್ನ ಹೊಲದಲ್ಲೇ ಕೂಲಿಯಾದ ಉದಾಹರಣೆಗಳೂ ಇವೆ. ಅತಿಯಾಗಿ ನೀರು ನಿಲ್ಲಿಸಿದ ಎರೆ ಭೂಮಿ ಜವಳಾಗಿ ಸವಳಾದದ್ದು ಇನ್ನೊಂದು ತೊಂದರೆ. ಇದರ ಮೇಲೆ ನದಿಗಳ ಪ್ರವಾಹ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ದಂಡೆಯ ಹಳ್ಳಿಗಳ ಬೆಳೆಯನ್ನು ಮುಳುಗಿಸಿತು.

ಗುಳೆ

ಕೆಲಸ ಹುಡುಕಿ ಊರು ಬಿಡುವುದಕ್ಕೆ ಅಲ್ಲಿ 'ಗುಳೆ ಹೋಗುವುದು' ಎನ್ನುತ್ತಾರೆ. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ, ಜೋಳದ ಹಿಟ್ಟಿನ ಚೀಲ, ಪಾತ್ರೆ, ಹಾಸಿಗೆ ಕಟ್ಟಿಕೊಂಡು ಗಂಡ, ಹೆಂಡತಿ, ಸಣ್ಣ ಮಕ್ಕಳು ಹೊರಡುತ್ತಾರೆ. ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದ್, ಗೋವಾ ಮತ್ತು ನಮ್ಮ ಕರಾವಳಿ ಅವರ ದಾರಿಗಳು. ಊರಿನಲ್ಲಿ ಉಳಿಯುವವರು ಮುದುಕರು. ಮುಂಗಾರು ಬಿದ್ದಾಗ ಕೆಲವರು ಹಿಂತಿರುಗುತ್ತಾರೆ, ಕೆಲವರು ಜಾತ್ರೆಗೆ, ಮದುವೆಗೆ, ಮತದಾನಕ್ಕೆ ಮಾತ್ರ.

2020ರ ಲಾಕ್‌ಡೌನ್ ಈ ಮರೆಯಲ್ಲಿದ್ದ ಬದುಕನ್ನು ಎಲ್ಲರ ಕಣ್ಣಿಗೆ ತಂದಿತು. ಮಂಗಳೂರು, ಉಡುಪಿಗಳಲ್ಲಿ ಸಿಲುಕಿದ ಉತ್ತರ ಕರ್ನಾಟಕದ ಕಾರ್ಮಿಕರನ್ನು ಊರಿಗೆ ಕಳುಹಿಸಲು ಬಸ್ಸುಗಳನ್ನು ಹೊರಡಿಸಬೇಕಾಯಿತು. ಮಹಾರಾಷ್ಟ್ರದಿಂದ ಸಾವಿರಾರು ಜನ ಯಾದಗಿರಿಗೆ ಮರಳಿದರು. ಆ ವರ್ಷದ ಮೇ–ಜೂನ್ ತಿಂಗಳುಗಳಲ್ಲಿ ಆ ಸಣ್ಣ ಜಿಲ್ಲೆಯಲ್ಲಿ ಸೋಂಕಿತರ ಸಂಖ್ಯೆ ಒಮ್ಮೆಲೇ ಏರಿತು.

ಗುಳೆಯ ಭಾರ ಹೆಚ್ಚು ಬೀಳುವುದು ಮಕ್ಕಳ ಮೇಲೆ. ಹತ್ತಿ ಬಿಡಿಸುವ ಕಾಲದಲ್ಲಿ ಊರಿನಲ್ಲೇ ಶಾಲೆಯ ಹಾಜರಿ ಕಡಿಮೆಯಾಗುತ್ತದೆ. ಅಪ್ಪ–ಅಮ್ಮನ ಜೊತೆ ಗುಳೆ ಹೊರಟ ಮಗುವಿನ ಶಾಲೆ ಅರ್ಧಕ್ಕೇ ನಿಲ್ಲುತ್ತದೆ. ದೊಡ್ಡ ಹುಡುಗಿಯಾದರೆ ತಂಗಿ–ತಮ್ಮಂದಿರನ್ನು ನೋಡಿಕೊಳ್ಳುವ ಕೆಲಸ, ಆಮೇಲೆ ಬೇಗ ಮದುವೆ. ಸಾಕ್ಷರತೆಯ ಪಟ್ಟಿಯಲ್ಲಿ ನಾವು ಕಾಣುವ ಆ ಕೊನೆಯ ಅಂಕಿಯ ಒಂದು ಪಾಲು ಹುಟ್ಟುವುದು ನಮ್ಮದೇ ಊರಿನ ಕಟ್ಟಡಗಳ ಪಕ್ಕದ ತಗಡಿನ ಶೆಡ್‌ಗಳಲ್ಲಿ ಎಂಬ ಸತ್ಯ ನಮಗೆ ಹಿತವಾದುದಲ್ಲ, ಆದರೆ ಅದು ಸತ್ಯ.

ಬದಲಾವಣೆಯ ಗುರುತುಗಳು

ಕತ್ತಲೆಯನ್ನೇ ಹೇಳಿ ಮುಗಿಸಿದರೆ ಆ ಜನರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಗುಳೆ ಹೋದವರ ಮಕ್ಕಳು ಊರಿನಲ್ಲೇ ಉಳಿದು ಓದಲು ಋತುಮಾನದ ವಸತಿ ಕೇಂದ್ರಗಳನ್ನು ಸರ್ಕಾರ ನಡೆಸಿದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2000ದ ದಶಕದಿಂದ ಸುರಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರೊಂದಿಗೆ ಕೆಲಸ ಮಾಡುತ್ತ ಬಂದಿದೆ. ಮೊದಲ ತಲೆಮಾರಿನ ಪದವೀಧರರು ಹಳ್ಳಿ ಹಳ್ಳಿಗಳಲ್ಲಿದ್ದಾರೆ. 371(ಜೆ) ಮೀಸಲಾತಿಯಿಂದ ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಪಡೆದ ಕೂಲಿಕಾರರ ಮಕ್ಕಳಿದ್ದಾರೆ. ಗದಗ–ವಾಡಿ ಹೊಸ ರೈಲು ಮಾರ್ಗ ಪೂರ್ಣಗೊಂಡರೆ ಇದುವರೆಗೆ ರೈಲನ್ನೇ ಕಾಣದ ಸುರಪುರ, ಶಹಾಪುರ ತಾಲ್ಲೂಕುಗಳಿಗೂ ರೈಲು ಬರಲಿದೆ.

ಉದ್ಯೋಗಕ್ಕಾಗಿ ಯಾದಗಿರಿ ಸಮೀಪದ ಕಡೇಚೂರು–ಬಾಡಿಯಾಳದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಎಕರೆ ಭೂಮಿಯನ್ನು ಕೈಗಾರಿಕೆಗೆ ಪಡೆಯಲಾಯಿತು. ರೈಲ್ವೆ ಬೋಗಿ ಘಟಕ ಬಂತು. ಜೊತೆಗೆ ರಾಸಾಯನಿಕ ಮತ್ತು ಔಷಧ ತಯಾರಿಕಾ ಘಟಕಗಳೂ ಬಂದವು. ಅವುಗಳ ದುರ್ವಾಸನೆ ಮತ್ತು ತ್ಯಾಜ್ಯದ ಬಗ್ಗೆ ಸುತ್ತಲಿನ ಹಳ್ಳಿಗಳ ಜನ ದೂರುತ್ತಿದ್ದಾರೆ. ಭೂಮಿ ಕೊಟ್ಟವರಿಗೆ ಒಳ್ಳೆಯ ಕೆಲಸ ಸಿಗಬೇಕು, ಕುಡಿಯುವ ನೀರು ಶುದ್ಧವಾಗಿ ಉಳಿಯಬೇಕು ಎಂಬ ಅವರ ಬೇಡಿಕೆ ಅತಿಯಾದುದೇನೂ ಅಲ್ಲ.

ನಾವು ಮಾಡಬಹುದಾದದ್ದು

ಯಾದಗಿರಿಯ ಬಡತನವನ್ನು ಕರಾವಳಿಯಲ್ಲಿ ಕುಳಿತು ನಾವು ನಿವಾರಿಸಲಾರೆವು. ಆದರೆ ನಮ್ಮ ನಡುವೆ ಇರುವ ಅಲ್ಲಿಯ ಕುಟುಂಬಗಳಿಗೆ ಮಾಡಬಹುದಾದ ಕೆಲವು ಕೆಲಸಗಳಿವೆ. ಮನೆ ಕಟ್ಟಿಸುವವರು, ಗುತ್ತಿಗೆದಾರರು, ಶಿಕ್ಷಕರು, ಸಂಘ–ಸಂಸ್ಥೆಗಳವರು ಇವನ್ನು ಗಮನಿಸಲಿ:

1. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಷದ ಮಧ್ಯದಲ್ಲಿ ಬಂದ ಮಗುವಿಗೂ ಶಾಲೆಯಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ಇಲ್ಲವೆಂಬುದು ಕಾರಣವಾಗಬಾರದು. ಕೆಲಸದ ಜಾಗದಲ್ಲಿ ಮಗುವನ್ನು ಕಂಡರೆ ಹತ್ತಿರದ ಸರ್ಕಾರಿ ಶಾಲೆ ಅಥವಾ ಅಂಗನವಾಡಿಗೆ ತಿಳಿಸಿ.

2. ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡರೆ ಮಕ್ಕಳ ಓದಿಗೆ, ಚಿಕಿತ್ಸೆಗೆ, ಅಪಘಾತಕ್ಕೆ ನೆರವು ದೊರೆಯುತ್ತದೆ. 90 ದಿನ ಕೆಲಸ ಮಾಡಿದ್ದಾರೆಂಬ ದೃಢೀಕರಣ ಬೇಕಾಗುತ್ತದೆ. ಅದನ್ನು ಕೊಡುವುದು ಕೆಲಸ ಕೊಟ್ಟವರಿಗೆ ಕಷ್ಟವಲ್ಲ.

3. ಊರಿನ ಪಡಿತರ ಚೀಟಿಯಿಂದಲೇ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯುವ ಅವಕಾಶವಿದೆ. ಇದು ಗೊತ್ತಿಲ್ಲದೆ ಪೇಟೆಯ ಬೆಲೆಗೆ ಕೊಳ್ಳುವವರು ಬಹಳ.

4. ಶೆಡ್‌ಗೆ ಕುಡಿಯುವ ನೀರು, ಶೌಚಾಲಯ, ರಾತ್ರಿಯ ಬೆಳಕು ಇದೆಯೇ ಎಂದು ಒಮ್ಮೆ ಹೋಗಿ ನೋಡಿ. ಮನೆಯ ನಕ್ಷೆ ನೋಡಲು ನಾವು ಎಷ್ಟು ಸಲ ಹೋಗುವುದಿಲ್ಲ!

ಮುಂದಿನ ರಜೆಯಲ್ಲಿ ಪ್ರವಾಸ ಯೋಜಿಸುವವರು ವಿಜಯಪುರ, ಬೀದರ್‌ಗಳ ಜೊತೆಗೆ ಈ ಮೂರು ಊರುಗಳನ್ನೂ ಸೇರಿಸಿಕೊಳ್ಳಬಹುದು. ಯಾದಗಿರಿಯ ಕೋಟೆ, ಶಹಾಪುರದ ಗುಡ್ಡ, ಟೇಲರ್ ಮಂಜಿಲ್, ತಿಂಥಣಿ, ಬೋನಾಳ ಇವನ್ನೆಲ್ಲ ಎರಡು ದಿನಗಳಲ್ಲಿ ನೋಡಿ ಬರಬಹುದು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಅಷ್ಟು ದೂರ ಹೋಗಲಾಗದವರು ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುವ ಅಣ್ಣನನ್ನೋ ಅಕ್ಕನನ್ನೋ ಮಾತನಾಡಿಸಿ. ಸುರಪುರ ಎಂದರೆ, ವೆಂಕಟಪ್ಪ ನಾಯಕರ ಊರಲ್ಲವೇ ಎಂದು ಕೇಳಿ. ಅವರ ಮುಖ ಅರಳುವುದನ್ನು ನೀವೇ ನೋಡುವಿರಿ.